ಹ್ಯಾಕಿಂಗ್‌ಗೆ ಯಾವ ಭಾಷೆ ಕಲಿಯಲಿ? ಬರೆಯಲು ಒಂದು, ಓದಲು ಹಲವು

ಪ್ರಶ್ನೆ: ದಾವಣಗೆರೆಯಲ್ಲಿ ಬಿಸಿಎ ಎರಡನೇ ವರ್ಷ ಓದುತ್ತಿದ್ದೇನೆ. ಎಥಿಕಲ್ ಹ್ಯಾಕಿಂಗ್ ಕಲಿಯುವ ಆಸೆ. ‘ಸಿ ಬರದಿದ್ದರೆ ಹ್ಯಾಕರ್ ಆಗಲ್ಲ’ ಅಂತ ಸೀನಿಯರ್‌ಗಳು ಹೇಳುತ್ತಾರೆ. ಯೂಟ್ಯೂಬ್ ತೆರೆದರೆ ಎಲ್ಲರೂ ಪೈಥಾನ್ ಅನ್ನುತ್ತಾರೆ. ಕಾಲೇಜಿನಲ್ಲಿ ಜಾವಾ ನಡೆಯುತ್ತಿದೆ. ಪೈಥಾನ್‌ನ ಒಂದು ವಿಡಿಯೊ ಕೋರ್ಸ್ ಮುಗಿಸಿದ್ದೇನೆ, ಮಗ್ಗಿ ಪ್ರಿಂಟ್ ಮಾಡುವುದು, ಕ್ಯಾಲ್ಕುಲೇಟರ್ ಬರೆಯುವುದು ಬರುತ್ತದೆ, ಅಲ್ಲಿಂದ ಮುಂದೆ ಏನೂ ತೋಚುತ್ತಿಲ್ಲ. ಇರುವುದು 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್. ಒಂದು ತರಬೇತಿ ಸಂಸ್ಥೆ 40,000 ರೂಪಾಯಿ ಕೇಳುತ್ತಿದೆ. ಯಾವ ಭಾಷೆಯಿಂದ ಶುರು ಮಾಡಲಿ? ಕೋರ್ಸಿಗೆ ಸೇರಲೇ?

ಉತ್ತರ: ಪೈಥಾನ್ ಕೈಬಿಡಬೇಡಿ. ಹಾಗಂತ ನಿಮ್ಮ ಸೀನಿಯರ್‌ಗಳು ಹೇಳಿದ್ದು ಸುಳ್ಳೂ ಅಲ್ಲ. ಅವರು ಒಂದು ಪ್ರಶ್ನೆಗೆ, ಯೂಟ್ಯೂಬ್‌ನವರು ಇನ್ನೊಂದು ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾರೆ. ಹ್ಯಾಕಿಂಗ್‌ನಲ್ಲಿ ನಾವು ಬರೆಯುವ ಭಾಷೆ ಬೇರೆ, ಓದುವ ಭಾಷೆ ಬೇರೆ. ಬರೆಯುವುದನ್ನು ನಾವು ಆರಿಸಿಕೊಳ್ಳಬಹುದು. ಓದಬೇಕಾದ್ದನ್ನು ಮಾತ್ರ ಎದುರಿಗಿರುವ ಸಾಫ್ಟ್‌ವೇರ್ ಕಟ್ಟಿದವರು ಮೊದಲೇ ಆರಿಸಿಟ್ಟಿರುತ್ತಾರೆ. ಅವರು ಪಿಎಚ್‌ಪಿಯಲ್ಲಿ ಕಟ್ಟಿದ್ದರೆ ನೀವು ಪಿಎಚ್‌ಪಿ ಓದಬೇಕು, ಸಿಯಲ್ಲಿ ಕಟ್ಟಿದ್ದರೆ ಸಿ.

ಕೆಲಸದ ಹೊತ್ತಿನಲ್ಲಿ ಹೆಚ್ಚು ಪಾಲು ಹೋಗುವುದು ಓದಿಗೇ. ಹೆಸರಾಂತ ಟೂಲ್‌ಗಳನ್ನೇ ನೋಡಿ: 1997ರಲ್ಲಿ ಬಂದ, ನೆಟ್‌ವರ್ಕ್ ಜಾಲಾಡುವ ಎನ್‌ಮ್ಯಾಪ್ ಸಿ ಮತ್ತು ಸಿ ಪ್ಲಸ್ ಪ್ಲಸ್‌ನಲ್ಲಿದೆ, ಅದರ ಸ್ಕ್ರಿಪ್ಟ್‌ಗಳು ಲುವಾದಲ್ಲಿವೆ. ಮೆಟಾಸ್ಪ್ಲಾಯ್ಟ್ 2003ರಲ್ಲಿ ಪರ್ಲ್‌ನಲ್ಲಿ ಹುಟ್ಟಿ ಆಮೇಲೆ ರೂಬಿಗೆ ಬದಲಾಯಿತು. ವೆಬ್ ಪರೀಕ್ಷೆಯ ಬರ್ಪ್ ಸೂಟ್ ಜಾವಾ, ಎಸ್‌ಕ್ಯೂಎಲ್‌ಮ್ಯಾಪ್ ಪೈಥಾನ್, ಎಫ್‌ಎಫ್‌ಯುಎಫ್ ಮತ್ತು ನ್ಯೂಕ್ಲಿಯೈ ಗೋ. ಇವನ್ನು ಬಳಸಲು ಆ ಭಾಷೆಗಳು ಬರಬೇಕಿಲ್ಲ. ಟೂಲ್ ಕೈಕೊಟ್ಟಾಗ ಫೈಲ್ ತೆರೆದು ‘ಇಲ್ಲಿ ಏನು ಮಾಡಲು ಹೊರಟಿದ್ದಾರೆ’ ಎಂದು ಅಂದಾಜಿಸುವಷ್ಟು ಬಂದರೆ ಸಾಕು. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಬರೆಯಲು ಬಂದವರಿಗೆ ಉಳಿದದ್ದನ್ನು ಓದುವಷ್ಟು ಕಲಿಯಲು ವಾರಗಳು ಸಾಕಾಗುತ್ತವೆ. ಆ ಮೊದಲ ಭಾಷೆ ಅರೆಬರೆ ಆಗಿದ್ದರೆ ಎಷ್ಟು ಭಾಷೆ ಸೇರಿಸಿದರೂ ಮಗ್ಗಿ, ಕ್ಯಾಲ್ಕುಲೇಟರ್‌ನಲ್ಲೇ ನಿಲ್ಲುತ್ತೀರಿ.

ಭಾಷೆಗಿಂತ ಮೊದಲು, ಮೂರು ವಾರ

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮೇಲೆ ವರ್ಚುವಲ್‌ಬಾಕ್ಸ್ (ಕಂಪ್ಯೂಟರ್ ಒಳಗೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಹಾಕಿ ಅದರೊಳಗೆ ಹ್ಯಾಕಿಂಗ್ ಟೂಲ್‌ಗಳು ತುಂಬಿದ ಕಾಲಿ ಲಿನಕ್ಸ್ ಓಡಿಸಲು ಹೋಗಬೇಡಿ. 4 ಜಿಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ವಿಂಡೋಸ್‌ಗೇ ಬೇಕು. ಉಳಿದದ್ದನ್ನು ಕಾಲಿಗೆ ಕೊಟ್ಟರೆ ಎರಡೂ ತೆವಳುತ್ತವೆ, ಕಲಿಯುವ ಉತ್ಸಾಹ ಕಾಯುವುದರಲ್ಲೇ ಬತ್ತಿಹೋಗುತ್ತದೆ. ಡಿಸ್ಕ್‌ನಲ್ಲಿ 40 ಜಿಬಿ ಜಾಗ ಬಿಡಿಸಿ ಡೆಬಿಯನ್ ಅಥವಾ ಲುಬುಂಟು ಎಂಬ ಲಿನಕ್ಸ್ ಅನ್ನು ನೇರವಾಗಿ ಹಾಕಿಕೊಳ್ಳಿ. ಅದಕ್ಕೂ ಮುಂಚೆ ನಿಮ್ಮ ಫೈಲ್‌ಗಳ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ, ಪಾರ್ಟಿಶನ್ ಮಾಡುವಾಗ ಇಡೀ ಡಿಸ್ಕ್ ಅಳಿಸಿಕೊಳ್ಳುವುದು ಹೊಸಬರ ಮಾಮೂಲಿ ಎಡವಟ್ಟು. ಕಾಲಿಯೇ ಬೇಕೆಂದೇನಿಲ್ಲ. ಅದೂ ಡೆಬಿಯನ್ ಮೇಲೆಯೇ ನಿಂತಿದೆ, ಬೇಕಾದ ಟೂಲ್‌ಗಳನ್ನು ಆಮೇಲೆ ಒಂದೊಂದಾಗಿ ಹಾಕಿಕೊಳ್ಳಬಹುದು.

ಮೊದಲ ಮೂರು ವಾರ ಬ್ಯಾಶ್ ಶೆಲ್‌ಗೆ, ಅಂದರೆ ಲಿನಕ್ಸ್‌ನಲ್ಲಿ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವುದಕ್ಕೆ, ಮೀಸಲಿಡಿ. ಓವರ್‌ದವೈರ್ ತಾಣದ ‘ಬ್ಯಾಂಡಿಟ್’ ಆಟ ಇದಕ್ಕೆಂದೇ ಇದೆ, ಉಚಿತ. ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್ ಆಗುವ ವಿಧಾನ) ಮೂಲಕ 2220ನೇ ಪೋರ್ಟ್‌ಗೆ ಸೇರಬೇಕು. ಪೋರ್ಟ್ ಎಂದರೆ ಯಂತ್ರದ ಒಂದೊಂದು ಸೇವೆಯ ಬಾಗಿಲ ಸಂಖ್ಯೆ. ಅಭ್ಯಾಸಬಲದಿಂದ ಪೋರ್ಟ್ ಸಂಖ್ಯೆ ಕೊಡುವುದನ್ನು ಮರೆತು ‘ಸರ್ವರ್ ಕೆಲಸ ಮಾಡ್ತಿಲ್ಲ’ ಎಂದು ಬಿಟ್ಟುಹೋಗುವವರು ಬಹಳ. 30ಕ್ಕೂ ಹೆಚ್ಚು ಹಂತಗಳಲ್ಲಿ ಮೊದಲ 20 ದಾಟಿದರೆ ಗ್ರೆಪ್, ಫೈಂಡ್, ಪೈಪ್, ಪರ್ಮಿಶನ್ ಎಲ್ಲ ಕೈಗೆ ಹತ್ತಿರುತ್ತವೆ.

ಪರೀಕ್ಷೆಗೆ ಒಂದು ಕೆಲಸ: ವೆಬ್ ಸರ್ವರ್‌ನ ಲಾಗ್ ಫೈಲಿನಿಂದ ಅತಿ ಹೆಚ್ಚು ಬಾರಿ ಬಂದ ಹತ್ತು ಐಪಿ ವಿಳಾಸಗಳನ್ನು ಒಂದೇ ಸಾಲಿನ ಕಮಾಂಡ್‌ನಲ್ಲಿ ತೆಗೆಯಿರಿ. ಆಕ್ ಎಂಬ ಕಮಾಂಡ್‌ನಿಂದ ಮೊದಲ ಕಾಲಂ, ಆಮೇಲೆ ಸಾರ್ಟ್, ಆಮೇಲೆ ಎಣಿಕೆ ಕೊಡುವ ಯೂನಿಕ್, ಮತ್ತೆ ಸಂಖ್ಯೆಯ ಪ್ರಕಾರ ಇಳಿಕೆ ಕ್ರಮದ ಸಾರ್ಟ್, ಕೊನೆಗೆ ಹೆಡ್. ಮೊದಲ ಸಾರ್ಟ್ ಬಿಟ್ಟರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಯೂನಿಕ್ ಅಕ್ಕಪಕ್ಕದಲ್ಲಿರುವ ಒಂದೇ ರೀತಿಯ ಸಾಲುಗಳನ್ನು ಮಾತ್ರ ಸೇರಿಸುತ್ತದೆ. ಎರರ್ ಬರುವುದಿಲ್ಲ, ತಪ್ಪು ಉತ್ತರ ಬರುತ್ತದೆ, ಅದು ಹೆಚ್ಚು ಅಪಾಯ. ಇನ್ನೊಂದು: ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಬರೆದ ಸ್ಕ್ರಿಪ್ಟ್ ಲಿನಕ್ಸ್‌ಗೆ ತಂದಾಗ ‘ಬ್ಯಾಡ್ ಇಂಟರ್‌ಪ್ರಿಟರ್’ ಎಂದು ಮುನಿಸಿಕೊಂಡರೆ ದೋಷ ನಿಮ್ಮ ಕೋಡ್‌ನದಲ್ಲ. ಸಾಲಿನ ಕೊನೆಯಲ್ಲಿ ವಿಂಡೋಸ್ ಸೇರಿಸುವ ಕಾಣದ ಅಕ್ಷರದ್ದು. ‘ಡಾಸ್‌ಟುಯುನಿಕ್ಸ್’ ಓಡಿಸಿದರೆ ಸರಿಹೋಗುತ್ತದೆ.

ಪೈಥಾನ್‌ನಲ್ಲಿ ನಿಮಗೆ ಸಿಗದೇ ಹೋದದ್ದು

ವಿಡಿಯೊ ಕೋರ್ಸ್‌ಗಳು ಭಾಷೆಯ ವ್ಯಾಕರಣ ಕಲಿಸುತ್ತವೆ. ಹ್ಯಾಕಿಂಗ್‌ಗೆ ಬೇಕಾದದ್ದು ಮೂರು ಸಂಗತಿ: ನೆಟ್‌ವರ್ಕ್‌ನ ಸಾಕೆಟ್ (ಎರಡು ಪ್ರೋಗ್ರಾಂಗಳು ಮಾತಾಡುವ ಕೊಂಡಿ), ಎಚ್‌ಟಿಟಿಪಿ (ಬ್ರೌಸರ್ ಮತ್ತು ವೆಬ್ ಸರ್ವರ್ ಮಾತಾಡುವ ರೀತಿ), ಮತ್ತು ಬೈಟ್. ಈ ಮೂರರಲ್ಲಿ ಒಂದೊಂದು ಸಣ್ಣ ಪ್ರೋಗ್ರಾಂ ನೀವೇ ಬರೆಯುವವರೆಗೆ ಬೇರೆ ಭಾಷೆಯ ಕಡೆ ನೋಡಬೇಡಿ. ದಿನಕ್ಕೆ ಎರಡು ಗಂಟೆಯಂತೆ ಎರಡೂವರೆ ತಿಂಗಳು ಹಿಡಿಯಬಹುದು.

ಮೊದಲನೆಯದು ಪೋರ್ಟ್ ಸ್ಕ್ಯಾನರ್. ಪೈಥಾನ್ ಜೊತೆಗೇ ಬರುವ ಸಾಕೆಟ್ ಮಾಡ್ಯೂಲ್ ಸಾಕು. ಒಂದು ಟರ್ಮಿನಲ್‌ನಲ್ಲಿ ಪೈಥಾನ್‌ನ ಎಚ್‌ಟಿಟಿಪಿ ಸರ್ವರ್ ಮಾಡ್ಯೂಲ್ ಅನ್ನು 8000ನೇ ಪೋರ್ಟ್‌ನಲ್ಲಿ ಓಡಿಸಿ. ಇನ್ನೊಂದರಲ್ಲಿ ನಿಮ್ಮ ಸ್ಕ್ಯಾನರ್‌ನಿಂದ 127.0.0.1 (ಅಂದರೆ ನಿಮ್ಮದೇ ಯಂತ್ರ) ವಿಳಾಸದ 1ರಿಂದ 9000ದವರೆಗಿನ ಪೋರ್ಟ್‌ಗಳನ್ನು ತಟ್ಟಿ ನೋಡಿ. ‘ಕನೆಕ್ಟ್ ಇಎಕ್ಸ್’ ಎಂಬ ಫಂಕ್ಷನ್ ಪೋರ್ಟ್ ತೆರೆದಿದ್ದರೆ 0 ಕೊಡುತ್ತದೆ. ಮುಚ್ಚಿದ್ದರೆ ಲಿನಕ್ಸ್‌ನಲ್ಲಿ 111. ಟೈಮ್‌ಔಟ್ ಇಟ್ಟು, ಆ ಕಡೆಯಿಂದ ಉತ್ತರವೇ ಬರದಿದ್ದರೆ 11. ಈ ಮೂರು ಸಂಖ್ಯೆಗಳಲ್ಲಿ ಪಾಠ ಇದೆ: ‘ಬಾಗಿಲು ತೆರೆದಿದೆ’, ‘ಬಾಗಿಲು ಹಾಕಿದೆ ಎಂದು ಒಳಗಿನಿಂದ ಹೇಳಿದರು’, ‘ಯಾರೂ ಓಗೊಡಲಿಲ್ಲ’. ಮೂರನೆಯದು ಸಾಮಾನ್ಯವಾಗಿ ಫೈರ್‌ವಾಲ್‌ನ ಗುರುತು.

ನಿಮ್ಮದೇ ಯಂತ್ರದಲ್ಲಿ ಸ್ಕ್ಯಾನರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಮುಚ್ಚಿದ ಪೋರ್ಟ್ ತಕ್ಷಣ ಇಲ್ಲ ಎನ್ನುತ್ತದಲ್ಲ. ಫೈರ್‌ವಾಲ್ ಇರುವ ಯಂತ್ರದ ಮೇಲೆ ಅದೇ ಕೋಡ್ ಗಂಟೆಗಟ್ಟಲೆ ನಿಂತುಬಿಡುತ್ತದೆ. ಟೈಮ್‌ಔಟ್ ಇಡದಿದ್ದರೆ ಲಿನಕ್ಸ್ ಒಂದೊಂದು ಪೋರ್ಟ್‌ಗೆ ಒಂದರಿಂದ ಎರಡು ನಿಮಿಷ ಕಾಯುತ್ತದೆ. 1 ಸೆಕೆಂಡ್ ಟೈಮ್‌ಔಟ್ ಇಟ್ಟರೂ 1024 ಪೋರ್ಟ್‌ಗೆ 17 ನಿಮಿಷ. 100 ಥ್ರೆಡ್ (ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು) ಹಾಕಿದರೆ ಅದೇ ಕೆಲಸ 11 ಸೆಕೆಂಡಿಗೆ ಇಳಿಯುತ್ತದೆ. ಉತ್ಸಾಹದಲ್ಲಿ 5000 ಥ್ರೆಡ್ ಹಾಕಬೇಡಿ. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ತೆರೆದಿಡಬಹುದಾದ ಫೈಲ್ ಮತ್ತು ಸಾಕೆಟ್‌ಗಳ ಮಿತಿ ಸಾಮಾನ್ಯವಾಗಿ 1024. ಅದು ದಾಟಿದೊಡನೆ ‘ಟೂ ಮೆನಿ ಓಪನ್ ಫೈಲ್ಸ್’ ಬರುತ್ತದೆ. ಕೊನೆಗೆ ನಿಮ್ಮ ಫಲಿತಾಂಶವನ್ನು ಎನ್‌ಮ್ಯಾಪ್ ಜೊತೆ ಹೋಲಿಸಿ. ಅದಕ್ಕೆ ನೀವು ಏನೂ ಹೇಳದಿದ್ದರೆ ಅದು ನೋಡುವ ಸಾವಿರ ಪೋರ್ಟ್‌ಗಳು 1ರಿಂದ 1000 ಅಲ್ಲ, ಹೆಚ್ಚು ಬಳಕೆಯಲ್ಲಿರುವ ಸಾವಿರ. ಎರಡರ ಪಟ್ಟಿ ಹೊಂದದಿದ್ದರೆ ಮೊದಲು ಇದನ್ನು ನೋಡಿ.

ಎರಡನೆಯದು, ರಿಕ್ವೆಸ್ಟ್ಸ್ ಲೈಬ್ರರಿಯಿಂದ ಒಂದು ವೆಬ್ ಲಾಗಿನ್. ಪುಟ ತೆರೆಯುವುದು, ಅದರೊಳಗಿನ ಗುಪ್ತ ಟೋಕನ್ ಹೆಕ್ಕುವುದು, ಹೆಸರು ಮತ್ತು ಪಾಸ್‌ವರ್ಡ್ ಕಳುಹಿಸುವುದು, ಒಳಗೆ ಹೋದೆವೇ ಇಲ್ಲವೇ ತಿಳಿಯುವುದು. ಎಲ್ಲರೂ ಎಡವುವುದು ಕೊನೆಯ ಹಂತದಲ್ಲಿ. ‘ಸ್ಟೇಟಸ್ 200 (ಸರಿ ಎಂಬ ಉತ್ತರ) ಬಂತು, ಲಾಗಿನ್ ಆಯಿತು’ ಎಂದುಕೊಳ್ಳುತ್ತಾರೆ. ತಪ್ಪು ಪಾಸ್‌ವರ್ಡ್ ಕೊಟ್ಟರೂ ಬಹಳ ತಾಣಗಳು 200 ಜೊತೆಗೇ ‘ತಪ್ಪಾಗಿದೆ’ ಎಂಬ ಪುಟ ಕಳುಹಿಸುತ್ತವೆ. ಸರಿಯಾದದ್ದು ಕೊಟ್ಟಾಗ ಸಾಮಾನ್ಯವಾಗಿ 302 (‘ಬೇರೆ ಪುಟಕ್ಕೆ ಹೋಗಿ’ ಎಂಬ ರೀಡೈರೆಕ್ಟ್) ಬರುತ್ತದೆ, ಆದರೆ ಲೈಬ್ರರಿ ತಾನೇ ಆ ದಾರಿ ಹಿಡಿದು ಹೋಗಿ ಕೊನೆಯ 200 ಮಾತ್ರ ನಿಮಗೆ ತೋರಿಸುತ್ತದೆ. ರೀಡೈರೆಕ್ಟ್ ಆಫ್ ಮಾಡಿ, ಪುಟದ ಉದ್ದ ಮತ್ತು ಕುಕಿ ಎರಡನ್ನೂ ನೋಡಿ ತೀರ್ಮಾನಿಸಿ. ಇದಕ್ಕೆ ಸೆಶನ್ ಆಬ್ಜೆಕ್ಟ್ ಬಳಸದಿದ್ದರೆ ಟೋಕನ್ ಒಂದು ಕುಕಿಯದ್ದು, ಲಾಗಿನ್ ಇನ್ನೊಂದು ಕುಕಿಯದ್ದಾಗಿ ಪ್ರತಿ ಸಲವೂ ಸೋಲುತ್ತೀರಿ.

ಮೂರನೆಯದು ಬೈಟ್. ಇದನ್ನು ಕನ್ನಡಿಗರಿಗೆ ವಿವರಿಸುವುದು ಇಂಗ್ಲಿಷ್‌ನವರಿಗೆ ವಿವರಿಸುವುದಕ್ಕಿಂತ ಸುಲಭ. ‘ಕನ್ನಡ’ ಎಂದು ಬರೆಯಿರಿ. ಕಣ್ಣಿಗೆ ಮೂರು ಅಕ್ಷರ: ಕ, ನ್ನ, ಡ. ಪೈಥಾನ್‌ನಲ್ಲಿ ಉದ್ದ ಕೇಳಿದರೆ 5 ಎನ್ನುತ್ತದೆ, ಏಕೆಂದರೆ ಒತ್ತಕ್ಷರದೊಳಗೆ ನ, ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ, ಮತ್ತೊಂದು ನ ಇವೆ. ಯುಟಿಎಫ್-8 ಬೈಟ್‌ಗಳಾಗಿ ಬದಲಿಸಿ ಉದ್ದ ಕೇಳಿದರೆ 15, ಒಂದೊಂದಕ್ಕೂ ಮೂರು ಬೈಟ್. ಸಿ ಭಾಷೆಯಲ್ಲಿ ಉದ್ದ ಅಳೆಯುವ ‘ಸ್ಟ್ರ್‌ಲೆನ್’ ಕೂಡ 15 ಎನ್ನುತ್ತದೆ. ಈಗ ಒಂದು ಫಾರ್ಮ್ ‘ಹೆಸರು 20 ಅಕ್ಷರ ಮೀರಬಾರದು’ ಎಂದು ಅಕ್ಷರದ ಲೆಕ್ಕದಲ್ಲಿ ತಡೆದು, ಹಿಂದಿರುವ ಸಿ ಪ್ರೋಗ್ರಾಂ 32 ಬೈಟ್ ಜಾಗವಷ್ಟೇ ಇಟ್ಟಿದೆ ಎಂದುಕೊಳ್ಳಿ. ಇಂಗ್ಲಿಷ್ ಹೆಸರುಗಳು ವರ್ಷಗಟ್ಟಲೆ ಸಲೀಸಾಗಿ ಹೋಗುತ್ತವೆ. 20 ಯೂನಿಕೋಡ್ ಅಕ್ಷರಗಳ ಕನ್ನಡ ಹೆಸರು 60 ಬೈಟ್ ಆಗಿ ಪಕ್ಕದ ಜಾಗಕ್ಕೆ ನುಗ್ಗುತ್ತದೆ. ಪರೀಕ್ಷೆ ಮಾಡುವವರು ಇಂಗ್ಲಿಷ್ ಮಾತ್ರ ಟೈಪ್ ಮಾಡುತ್ತಿದ್ದರೆ ಇದು ಸಿಗುವುದೇ ಇಲ್ಲ. ನಿಮ್ಮ ಕೀಬೋರ್ಡ್‌ನಲ್ಲಿ ಕನ್ನಡ ಇದೆ, ಅದೊಂದು ಟೂಲ್ ಎಂದೇ ತಿಳಿಯಿರಿ.

ಪಠ್ಯ ಬೇರೆ, ಬೈಟ್ ಬೇರೆ ಎಂಬುದು ಪೈಥಾನ್ 3ರಲ್ಲಿ ಕಟ್ಟುನಿಟ್ಟು, ಪೈಥಾನ್ 2ರಲ್ಲಿ ಸಡಿಲ. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಆದರೂ ಜಾಲದಲ್ಲಿ ಸಿಗುವ ಹಳೆಯ ದಾಳಿ ಸ್ಕ್ರಿಪ್ಟ್‌ಗಳಲ್ಲಿ ಬಹಳಷ್ಟು ಅದರಲ್ಲೇ ಇವೆ. ಪ್ರಿಂಟ್‌ಗೆ ಆವರಣ ಚಿಹ್ನೆ ಸೇರಿಸಿದರೆ ಎರರ್ ಹೋಗುತ್ತದೆ, ದಾಳಿ ಮಾತ್ರ ಕೆಲಸ ಮಾಡುವುದಿಲ್ಲ. ಕಾರಣ ಇದು: ಹೆಕ್ಸ್ 90 ಎಂಬ ಒಂದು ಬೈಟ್ ಅನ್ನು ಪೈಥಾನ್ 3ರಲ್ಲಿ ಪಠ್ಯವಾಗಿ ಪ್ರಿಂಟ್ ಮಾಡಿದರೆ ಹೊರಬರುವುದು ಎರಡು ಬೈಟ್, ಹೆಕ್ಸ್ ಸಿ2 ಮತ್ತು 90. ನಿಮ್ಮ ಎಣಿಕೆಯೆಲ್ಲ ಜಾರಿಹೋಯಿತು. ಬೈಟ್ ಸ್ಟ್ರಿಂಗ್ ಬಳಸಿ, ಪ್ರಿಂಟ್ ಬದಲು ಸ್ಟ್ಯಾಂಡರ್ಡ್ ಔಟ್‌ಪುಟ್‌ನ ಬಫರ್‌ಗೆ ನೇರವಾಗಿ ಬರೆಯಿರಿ.

ಲೈಬ್ರರಿ ಹಾಕಿಕೊಳ್ಳುವ ವಿಷಯಕ್ಕೆ ಒಂದು ಮಾತು. ಡೆಬಿಯನ್ 12 ಮತ್ತು ಹೊಸ ಕಾಲಿಯಲ್ಲಿ ಪಿಪ್ (ಪೈಥಾನ್ ಲೈಬ್ರರಿ ತರುವ ಕಮಾಂಡ್) ಓಡಿಸಿದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಎಂದು ತಡೆಯುತ್ತದೆ. ಯಾರೋ ಹೇಳಿದರೆಂದು ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಆಯ್ಕೆ ಹಾಕಿ ಮುನ್ನುಗ್ಗಬೇಡಿ, ಹೆಸರೇ ಹೇಳುವಂತೆ ಸಿಸ್ಟಮ್ ಮುರಿಯಬಹುದು. ವೆನ್ವ್‌ನಿಂದ ಪ್ರತ್ಯೇಕ ಪರಿಸರ ಮಾಡಿ ಅದರೊಳಗೆ ಹಾಕಿಕೊಳ್ಳಿ. ಹೆಸರನ್ನು ಅಕ್ಷರ ಅಕ್ಷರ ನೋಡಿ ಟೈಪ್ ಮಾಡಿ, ಜನಪ್ರಿಯ ಲೈಬ್ರರಿಗಳ ಹೆಸರಲ್ಲಿ ಒಂದಕ್ಷರ ವ್ಯತ್ಯಾಸ ಮಾಡಿ ಮಾಲ್‌ವೇರ್ ಇಡುವುದು ನಡೆಯುತ್ತಲೇ ಇದೆ.

ವೆಬ್: ಓದುವ ಮೂರು ಭಾಷೆ

ಕೆಲಸ ಮತ್ತು ಬಗ್ ಬೌಂಟಿ (ದೋಷ ಹುಡುಕಿ ತಿಳಿಸಿದವರಿಗೆ ಕಂಪನಿಗಳು ಕೊಡುವ ಬಹುಮಾನ) ಎರಡರಲ್ಲೂ ಹೊಸಬರಿಗೆ ಬಾಗಿಲು ತೆರೆದಿರುವುದು ವೆಬ್‌ನಲ್ಲಿ. ಇಲ್ಲಿ ಓದಬೇಕಾದದ್ದು ಜಾವಾಸ್ಕ್ರಿಪ್ಟ್, ಎಸ್‌ಕ್ಯೂಎಲ್, ಮತ್ತು ಸರ್ವರ್‌ನಲ್ಲಿರುವ ಯಾವುದೋ ಒಂದು ಭಾಷೆ, ಸದ್ಯಕ್ಕೆ ಪಿಎಚ್‌ಪಿ ಎಂದಿಟ್ಟುಕೊಳ್ಳಿ. ಡಿವಿಡಬ್ಲ್ಯುಎ ಎಂಬ ಅಭ್ಯಾಸದ ತಾಣ ಪಿಎಚ್‌ಪಿಯಲ್ಲಿದೆ, ಪ್ರತಿ ಪುಟದಲ್ಲೂ ತನ್ನ ಮೂಲ ಕೋಡ್ ತೋರಿಸುತ್ತದೆ. ಜ್ಯೂಸ್ ಶಾಪ್ ಎಂಬುದು ಜಾವಾಸ್ಕ್ರಿಪ್ಟ್‌ನದು. ಪೋರ್ಟ್‌ಸ್ವಿಗ್ಗರ್‌ನ ವೆಬ್ ಸೆಕ್ಯುರಿಟಿ ಅಕಾಡೆಮಿ ಬ್ರೌಸರ್‌ನಲ್ಲೇ ನಡೆಯುವುದರಿಂದ ನಿಮ್ಮ 4 ಜಿಬಿಗೆ ಭಾರವಲ್ಲ, ಹಣವೂ ಬೇಡ.

ಡೇಟಾಬೇಸ್ ಅನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯೂಎಲ್‌ಗೆ ಎರಡು ವಾರ ಸಾಕು: ಸೆಲೆಕ್ಟ್, ವೇರ್, ಯೂನಿಯನ್, ಆರ್ಡರ್ ಬೈ. ಎಸ್‌ಕ್ಯೂಎಲೈಟ್‌ನಲ್ಲಿ ಒಂದು ಬಳಕೆದಾರರ ಟೇಬಲ್ ಮಾಡಿ, ಪೈಥಾನ್‌ನಲ್ಲಿ ಹೆಸರನ್ನು ಎಫ್-ಸ್ಟ್ರಿಂಗ್‌ನಿಂದ ನೇರವಾಗಿ ಕ್ವೆರಿಯೊಳಗೆ ತುರುಕುವ ಲಾಗಿನ್ ಬರೆಯಿರಿ. ಹೆಸರಿನ ಜಾಗದಲ್ಲಿ ಒಂಟಿ ಉದ್ಧರಣ ಚಿಹ್ನೆ ಕೊಟ್ಟು ಅದು ಮುರಿಯುವುದನ್ನು ನೋಡಿ. ಆಮೇಲೆ ಪ್ರಶ್ನಾರ್ಥಕ ಚಿಹ್ನೆಯ ಪ್ಲೇಸ್‌ಹೋಲ್ಡರ್ ಹಾಕಿ ಸರಿಪಡಿಸಿ. ತಾವೇ ಕಟ್ಟಿ, ತಾವೇ ಮುರಿದು, ತಾವೇ ರಿಪೇರಿ ಮಾಡಿದವರಿಗೆ, ಇಂಥ ತೂತುಗಳನ್ನು ತಾನೇ ಹುಡುಕುವ ಎಸ್‌ಕ್ಯೂಎಲ್‌ಮ್ಯಾಪ್ ಹಿಂದೆ ಏನು ನಡೆಯುತ್ತದೆ ಎಂದು ಯಾರೂ ವಿವರಿಸಬೇಕಾಗುವುದಿಲ್ಲ. ಪ್ಲೇಸ್‌ಹೋಲ್ಡರ್ ಮೌಲ್ಯಗಳಿಗೆ (ಹೆಸರು, ಪಾಸ್‌ವರ್ಡ್‌ನಂಥ ಡೇಟಾಗೆ) ಮಾತ್ರ ಅನ್ವಯ, ಟೇಬಲ್ ಹೆಸರಿಗಾಗಲಿ ಆರ್ಡರ್ ಬೈ ಮುಂದಿನ ಕಾಲಂ ಹೆಸರಿಗಾಗಲಿ ನಡೆಯುವುದಿಲ್ಲ. ‘ನಮ್ಮಲ್ಲಿ ಎಲ್ಲ ಕಡೆ ಪ್ಲೇಸ್‌ಹೋಲ್ಡರ್ ಇದೆ’ ಎನ್ನುವ ತಂಡದ ಕೋಡ್‌ನಲ್ಲಿ ಮೊದಲು ಹುಡುಕಬೇಕಾದ ಜಾಗ ಅದೇ. ಇನ್ನೊಂದು ಸಣ್ಣ ವಿಷಯ: ಮೈಎಸ್‌ಕ್ಯೂಎಲ್‌ನಲ್ಲಿ ಎರಡು ಅಡ್ಡಗೆರೆಯ ಕಾಮೆಂಟ್ ನಂತರ ಒಂದು ಖಾಲಿ ಜಾಗ ಕಡ್ಡಾಯ. ಯುಆರ್‌ಎಲ್‌ನ ಕೊನೆಯ ಖಾಲಿ ಜಾಗ ದಾರಿಯಲ್ಲೇ ಕತ್ತರಿಸಿಹೋಗುವುದರಿಂದ ಪ್ಲಸ್ ಚಿಹ್ನೆ ಹಾಕುತ್ತಾರೆ. ಇದು ಗೊತ್ತಿಲ್ಲದೆ ಅರ್ಧ ದಿನ ಕಳೆಯುವುದು ಬೇಡ.

ಜಾವಾಸ್ಕ್ರಿಪ್ಟ್ ಅನ್ನು ಬ್ರೌಸರ್‌ನ ಡೆವಲಪರ್ ಟೂಲ್ಸ್ ಒಳಗೇ ಕಲಿಯಿರಿ. ನಿಮಗೆ ರಿಯಾಕ್ಟ್ ಬೇಕಿಲ್ಲ, ಡಾಮ್ (ಪುಟದ ಒಳರಚನೆ), ಫೆಚ್ (ಪುಟದೊಳಗಿಂದ ಸರ್ವರ್‌ಗೆ ಕೋರಿಕೆ ಕಳುಹಿಸುವುದು), ಕುಕಿ, ಒರಿಜಿನ್ (ಪುಟ ಯಾವ ತಾಣದ್ದು ಎಂಬ ಗುರುತು) ಇಷ್ಟು ಬೇಕು. 2005ರ ಅಕ್ಟೋಬರ್‌ನಲ್ಲಿ ಸ್ಯಾಮಿ ಕಾಮ್ಕರ್ ಮೈಸ್ಪೇಸ್‌ನಲ್ಲಿ ಬಿಟ್ಟ ಜಾವಾಸ್ಕ್ರಿಪ್ಟ್ ಒಂದು ದಿನದೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಪ್ರೊಫೈಲ್‌ಗಳಿಗೆ ಹರಡಿತ್ತು, ಅದರ ಬಲವೆಲ್ಲ ಇಂಥ ಸಂಗತಿಗಳಲ್ಲೇ ಇತ್ತು (ಫೆಚ್ ಆಗಿನ್ನೂ ಇರಲಿಲ್ಲ, ಆ ಕೆಲಸಕ್ಕೆ ಎಕ್ಸ್‌ಎಂಎಲ್ ಎಚ್‌ಟಿಟಿಪಿ ರಿಕ್ವೆಸ್ಟ್ ಇತ್ತು). ಹೊಸಬರು ಮಾಡುವ ತಪ್ಪು: ಇನ್ನರ್ ಎಚ್‌ಟಿಎಂಎಲ್ ಮೂಲಕ ಪುಟಕ್ಕೆ ಸೇರುವ ಜಾಗದಲ್ಲಿ ಸ್ಕ್ರಿಪ್ಟ್ ಟ್ಯಾಗ್ ಹಾಕಿ ನೋಡುತ್ತಾರೆ, ಏನೂ ಆಗುವುದಿಲ್ಲ, ‘ಇದು ಸುರಕ್ಷಿತ’ ಎಂದು ಬರೆದುಕೊಳ್ಳುತ್ತಾರೆ. ಹಾಗೆ ಸೇರಿದ ಸ್ಕ್ರಿಪ್ಟ್ ಟ್ಯಾಗ್ ಓಡುವುದಿಲ್ಲ ಎಂಬುದು ಎಚ್‌ಟಿಎಂಎಲ್‌ನ ನಿಯಮ. ಚಿತ್ರದ ಟ್ಯಾಗ್‌ನ ‘ಆನ್ ಎರರ್’ ಓಡುತ್ತದೆ. ತಾಣ ಗಟ್ಟಿಯಾಗಿದ್ದಕ್ಕೆ ಅಲ್ಲ, ನೀವು ಕೊಟ್ಟ ಪರೀಕ್ಷೆ ತಪ್ಪಾಗಿದ್ದಕ್ಕೆ ಅದು ಪಾಸಾಗಿತ್ತು.

ಪಿಎಚ್‌ಪಿ ಓದುವಾಗ ಎರಡು ಸಮ ಚಿಹ್ನೆ ಮತ್ತು ಮೂರು ಸಮ ಚಿಹ್ನೆಯ ವ್ಯತ್ಯಾಸದ ಮೇಲೆ ಕಣ್ಣಿರಲಿ. ಹ್ಯಾಶ್ ಎಂದರೆ ಪಾಸ್‌ವರ್ಡ್ ಬದಲು ಲೆಕ್ಕ ಹಾಕಿ ಇಡುವ ಗುರುತು. 240610708 ಎಂಬುದರ ಎಂಡಿ5 ಹ್ಯಾಶ್ ಸೊನ್ನೆ, ಆಮೇಲೆ ‘ಇ’ ಅಕ್ಷರ, ಆಮೇಲೆ ಬರೀ ಅಂಕಿಗಳು. ಎರಡು ಸಮ ಚಿಹ್ನೆಯ ಹೋಲಿಕೆಯಲ್ಲಿ ಪಿಎಚ್‌ಪಿ ಅದನ್ನು ‘ಸೊನ್ನೆ ಗುಣಿಸು ಹತ್ತರ ಘಾತ’ ಎಂದು ಓದಿ ಸೊನ್ನೆ ಮಾಡಿಬಿಡುತ್ತದೆ. ಇದೇ ಆಕಾರದ ಇನ್ನೊಂದು ಹ್ಯಾಶ್ ಡೇಟಾಬೇಸ್‌ನಲ್ಲಿದ್ದರೆ ಪಾಸ್‌ವರ್ಡ್ ಬೇರೆಯಾದರೂ ‘ಎರಡೂ ಸಮ’. ಇಂಥದ್ದು ಯಾವ ಟೂಲ್‌ನ ಕೆಂಪು ದೀಪಕ್ಕೂ ಸುಲಭವಾಗಿ ಸಿಗುವುದಿಲ್ಲ, ಕೋಡ್ ಓದುವವರಿಗೆ ಸಿಗುತ್ತದೆ.

ಡೈರೆಕ್ಟರಿ ಹುಡುಕುವ ಟೂಲ್‌ಗಳನ್ನು ಜ್ಯೂಸ್ ಶಾಪ್ ಮೇಲೆ ಓಡಿಸಿದರೆ ಇಲ್ಲದ ಪುಟಗಳಿಗೂ 200 ಬರುತ್ತದೆ. ಗಾಬರಿ ಬೇಡ, ಗೊತ್ತಿಲ್ಲದ ವಿಳಾಸಕ್ಕೆಲ್ಲ ಅದು ತನ್ನ ಮುಖಪುಟವನ್ನೇ ಕೊಡುತ್ತದೆ. ಉತ್ತರದ ಗಾತ್ರದಿಂದ ಸೋಸಿ.

ಇಂಥ ತಾಣಗಳನ್ನು ಡಾಕರ್‌ನಲ್ಲಿ (ಸಾಫ್ಟ್‌ವೇರ್ ಅನ್ನು ಪ್ರತ್ಯೇಕ ಡಬ್ಬಿಯೊಳಗೆ ಓಡಿಸುವ ಟೂಲ್) ಓಡಿಸುವಾಗ ಪೋರ್ಟ್ ಸಂಖ್ಯೆಗೆ ಮುಂಚೆ 127.0.0.1 ಸೇರಿಸುವುದನ್ನು ಮರೆಯಬೇಡಿ. ಸೇರಿಸದಿದ್ದರೆ ಡಾಕರ್ ಅದನ್ನು ಎಲ್ಲ ನೆಟ್‌ವರ್ಕ್‌ಗೂ ತೆರೆಯುತ್ತದೆ, ನೀವು ಹಾಕಿದ ಯುಎಫ್‌ಡಬ್ಲ್ಯು ಫೈರ್‌ವಾಲ್ ನಿಯಮವನ್ನೂ ಬದಿಗೆ ಸರಿಸಿ. ಹಾಸ್ಟೆಲ್ ವೈಫೈನಲ್ಲಿ ಬೇಕೆಂದೇ ತೂತು ಬಿಟ್ಟ ತಾಣವನ್ನು ಇಡೀ ಕಟ್ಟಡಕ್ಕೆ ತೆರೆದಂತಾಗುತ್ತದೆ.

ಅಭ್ಯಾಸ ಇಲ್ಲಿಗೇ ಸೀಮಿತವಾಗಿರಲಿ. ಕಾಲೇಜಿನ ಸರ್ವರ್, ಫಲಿತಾಂಶದ ಪೋರ್ಟಲ್, ಪಕ್ಕದ ಮನೆಯ ರೌಟರ್ ಯಾವುದೂ ಪ್ರಯೋಗಶಾಲೆ ಅಲ್ಲ. ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್ ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43ರ ಅಡಿ ಬರುತ್ತದೆ. ದುರುದ್ದೇಶ ಸೇರಿದರೆ ಸೆಕ್ಷನ್ 66ರ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸರ್ಕಾರ ‘ಸಂರಕ್ಷಿತ ವ್ಯವಸ್ಥೆ’ ಎಂದು ಘೋಷಿಸಿದ ಕಂಪ್ಯೂಟರ್‌ಗಳಿಗೆ ಸೆಕ್ಷನ್ 70 ಇದೆ, ಅಲ್ಲಿ ಹತ್ತು ವರ್ಷದವರೆಗೆ. ‘ಸಿಸ್ಟಮ್ ಅಡ್ಮಿನ್ ನೋಡು ಅಂದರು’ ಎಂಬ ಬಾಯಿಮಾತು ಸಾಲದು. ಯಾವ ವಿಳಾಸ, ಯಾವ ದಿನಾಂಕ, ಏನು ಮಾಡಬಹುದು ಎಂದು ಇಮೇಲ್‌ನಲ್ಲಾದರೂ ಇರಬೇಕು. ಬಗ್ ಬೌಂಟಿಯಲ್ಲೂ ಅಷ್ಟೆ, ವ್ಯಾಪ್ತಿಯ ಪಟ್ಟಿಯಲ್ಲಿ ಇಲ್ಲದ ಸಬ್‌ಡೊಮೈನ್ ಮುಟ್ಟಬೇಡಿ.

ಸಿ ಯಾವಾಗ, ಎಷ್ಟು

ನಿಮ್ಮ ಸೀನಿಯರ್‌ಗಳು ಹೇಳುವ ಸಿ ಬೇಕಾಗುವುದು ಮೆಮೊರಿಯ ಮಟ್ಟಕ್ಕೆ ಇಳಿದಾಗ: ಆಪರೇಟಿಂಗ್ ಸಿಸ್ಟಮ್, ಬ್ರೌಸರ್, ರೌಟರ್, ಕ್ಯಾಮೆರಾ. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಬಿಟ್ಟ ವರ್ಮ್ (ತಾನೇ ಹರಡುವ ಪ್ರೋಗ್ರಾಂ) ಹಿಡಿದ ದಾರಿಗಳಲ್ಲೊಂದು, ಬಳಕೆದಾರರ ವಿವರ ಹೇಳುವ ಫಿಂಗರ್ ಸೇವೆಯ 512 ಬೈಟ್ ಬಫರ್‌ಗೆ (ಡೇಟಾ ಇಡುವ ಮೆಮೊರಿಯ ಜಾಗ) ಅಳತೆ ನೋಡದೆ ತುಂಬಿಸುತ್ತಿದ್ದ ‘ಗೆಟ್ಸ್’ ಫಂಕ್ಷನ್. ಆ ಗೆಟ್ಸ್ ಸಿ ಭಾಷೆಯ ಅಧಿಕೃತ ಮಾನಕದಿಂದ ಹೊರಬಿದ್ದದ್ದು 2011ರಲ್ಲಿ. ಅದಾಗಿ ಮೂರು ವರ್ಷಕ್ಕೆ, 2014ರಲ್ಲಿ, ಹಾರ್ಟ್‌ಬ್ಲೀಡ್ ಬಂತು. ವೆಬ್ ಸಂಪರ್ಕವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಒಂದು ಉದ್ದದ ತಪಾಸಣೆ ಬಿಟ್ಟುಹೋಗಿ, ಒಂದೊಂದು ಕೋರಿಕೆಗೆ 64 ಕೆಬಿವರೆಗೆ ಸರ್ವರ್‌ನ ಮೆಮೊರಿ ಹೊರಗೆ ಸೋರುತ್ತಿತ್ತು. ಮೈಕ್ರೋಸಾಫ್ಟ್ ಮತ್ತು ಕ್ರೋಮಿಯಂ ತಂಡ ಎರಡೂ ತಮ್ಮ ಗಂಭೀರ ದೋಷಗಳಲ್ಲಿ ಸುಮಾರು 70% ಮೆಮೊರಿಗೆ ಸಂಬಂಧಿಸಿದವು ಎಂದಿವೆ.

ಆದ್ದರಿಂದ ಸಿ ಬೇಕು, ಆದರೆ ಆರು ತಿಂಗಳ ನಂತರ. ಈಗಲೇ ಹಿಡಿದರೆ ಪಾಯಿಂಟರ್‌ನ ವ್ಯಾಕರಣ ಕಲಿತು, ಅದರಿಂದ ಏನು ಮಾಡಬೇಕೆಂದು ತಿಳಿಯದೆ, ಪೈಥಾನ್‌ನಲ್ಲಿ ಆದ ಹಾಗೇ ಆಗುತ್ತದೆ. ಹಿಡಿದಾಗ ಈ ಒಂದು ಪ್ರಯೋಗ ಪೂರ್ತಿ ಮಾಡಿ: 64 ಬೈಟ್ ಬಫರ್‌ಗೆ ‘ರೀಡ್’ ಮೂಲಕ 200 ಬೈಟ್ ಓದುವ ಫಂಕ್ಷನ್, ಜೊತೆಗೆ ಯಾರೂ ಕರೆಯದ, ‘ಗೆದ್ದಿರಿ’ ಎಂದು ಪ್ರಿಂಟ್ ಮಾಡುವ ಇನ್ನೊಂದು ಫಂಕ್ಷನ್. ಜಿಸಿಸಿ ಕಂಪೈಲರ್‌ನಲ್ಲಿ ಇಂಥ ದಾಳಿ ತಡೆಯುವ ಸ್ಟ್ಯಾಕ್ ಪ್ರೊಟೆಕ್ಟರ್ ಮತ್ತು ಪಿಐಇ ಎರಡನ್ನೂ ಆಫ್ ಮಾಡಿ ಕಂಪೈಲ್ ಮಾಡಿ. 64-ಬಿಟ್ ಯಂತ್ರದಲ್ಲಿ ಬಫರ್‌ನ 64, ಉಳಿಸಿಟ್ಟ ಬೇಸ್ ಪಾಯಿಂಟರ್‌ನ 8, ಒಟ್ಟು 72 ಬೈಟ್ ಆದಮೇಲೆ ರಿಟರ್ನ್ ವಿಳಾಸ (ಫಂಕ್ಷನ್ ಮುಗಿದ ಮೇಲೆ ಹೋಗಬೇಕಾದ ಜಾಗ) ಸಿಗಬೇಕು. ಅಲ್ಲಿ ‘ಗೆದ್ದಿರಿ’ ಫಂಕ್ಷನ್‌ನ ವಿಳಾಸ ತುಂಬಿಸುವುದೇ ಗುರಿ. ಕಂಪೈಲರ್ ನಡುವೆ ಜಾಗ ಬಿಟ್ಟಿದ್ದರೆ ಲೆಕ್ಕ ಹೊಂದುವುದಿಲ್ಲ, ಊಹಿಸಬೇಡಿ, ಜಿಡಿಬಿ ಎಂಬ ಡಿಬಗರ್‌ನಲ್ಲಿ ನೋಡಿ. ವಿಳಾಸವನ್ನು ತಿರುಗಿಸಿ ಬರೆಯಬೇಕು: ಹೆಕ್ಸ್ 401176 ಎಂಬುದು ಮೆಮೊರಿಯಲ್ಲಿ 76 11 40 00 00 00 00 00 ಆಗಿ ಕೂರುತ್ತದೆ.

ಎಲ್ಲ ಸರಿ ಮಾಡಿಯೂ ‘ಗೆದ್ದಿರಿ’ ಫಂಕ್ಷನ್‌ಗೆ ಹೋಗಿ ಒಳಗೆಲ್ಲೋ ಕುಸಿದರೆ, ಕುಸಿದ ಇನ್‌ಸ್ಟ್ರಕ್ಷನ್ ಯಾವುದೆಂದು ಜಿಡಿಬಿಯಲ್ಲಿ ನೋಡಿ. ‘ಮೂವ್‌ಎಪಿಎಸ್’ ಆಗಿದ್ದರೆ ಸ್ಟ್ಯಾಕ್ 16 ಬೈಟ್‌ಗೆ ಸರಿಹೊಂದಿಲ್ಲ ಎಂದರ್ಥ. ಆ ವಿಳಾಸದ ಮುಂಚೆ ಬರೀ ಒಂದು ‘ರೆಟ್’ ಇರುವ ವಿಳಾಸ ಸೇರಿಸಿದರೆ 8 ಬೈಟ್ ಸರಿದು ಹೊಂದಿಕೊಳ್ಳುತ್ತದೆ. ಅಭ್ಯಾಸಕ್ಕೆ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ‘ಪೌನ್ ಡಾಟ್ ಕಾಲೇಜ್’ ಉಚಿತ. ಅಸೆಂಬ್ಲಿ ಬರೆಯಲು ಬರಬೇಕಿಲ್ಲ, ಮೂವ್, ಲಿಯಾ, ಕಂಪೇರ್, ಜಂಪ್, ಕಾಲ್, ರೆಟ್ ಥರದ ಹದಿನೈದು ಇಪ್ಪತ್ತು ಇನ್‌ಸ್ಟ್ರಕ್ಷನ್ ಗುರುತಿಸಿದರೆ ಘಿದ್ರಾದಂಥ ಟೂಲ್ ಉಳಿದದ್ದನ್ನು ಸಿ ರೂಪಕ್ಕೆ ತಂದುಕೊಡುತ್ತದೆ.

ಸಿ ಓದಲು ಬರುವುದರ ಇನ್ನೊಂದು ಲಾಭ ಆತ್ಮರಕ್ಷಣೆ. ಓಪನ್‌ಎಸ್‌ಎಸ್‌ಎಚ್ (ಎಸ್‌ಎಸ್‌ಎಚ್‌ನ ಸಾಫ್ಟ್‌ವೇರ್) ಅನ್ನು ಮುರಿಯುತ್ತದೆ ಎಂದು ಹಿಂದೊಮ್ಮೆ ಹರಿದಾಡಿದ ಸಿ ಫೈಲಿನಲ್ಲಿ ಹೆಕ್ಸ್ ಸಾಲುಗಳಾಗಿ ಅಡಗಿದ್ದದ್ದು, ಓಡಿಸಿದವರದೇ ಫೈಲ್‌ಗಳನ್ನು ಅಳಿಸುವ ಕಮಾಂಡ್. ಹೆಕ್ಸ್ ಸಾಲುಗಳನ್ನು ಪಠ್ಯವಾಗಿ ಬದಲಿಸಿ ನೋಡಲು ಪೈಥಾನ್‌ನಲ್ಲಿ ಒಂದು ಸಾಲು ಸಾಕು. ಬಂದದ್ದು ಮನುಷ್ಯರು ಓದಬಹುದಾದ ಕಮಾಂಡ್ ಆಗಿದ್ದರೆ ಫೈಲ್ ಮುಚ್ಚಿಬಿಡಿ.

ಉಳಿದವು

ಕಾಲೇಜಿನ ಜಾವಾವನ್ನು ನಿರ್ಲಕ್ಷಿಸಬೇಡಿ. ಬ್ಯಾಂಕ್ ಮತ್ತು ದೊಡ್ಡ ಕಂಪನಿಗಳ ಒಳಗಿನ ಸಾಫ್ಟ್‌ವೇರ್‌ನಲ್ಲಿ ಜಾವಾ ಇನ್ನೂ ಬಲವಾಗಿದೆ. 2021ರ ಡಿಸೆಂಬರ್‌ನಲ್ಲಿ ಲಾಗ್4ಶೆಲ್ ದೋಷಕ್ಕೆ ಜಗತ್ತಿನಾದ್ಯಂತ ರಾತ್ರಿ ಹಗಲು ಓಡಾಡಿದ್ದು ಇದೇ ಭಾಷೆಯ ಒಂದು ಲಾಗಿಂಗ್ ಲೈಬ್ರರಿಯಿಂದ. ಆಂಡ್ರಾಯ್ಡ್ ಆ್ಯಪ್ ಬಿಚ್ಚಿ ನೋಡಲು ಜೇಡೆಕ್ಸ್ ಬಳಸಿದರೆ ಎದುರಿಗೆ ಬರುವುದೂ ಜಾವಾವೇ. ಬರ್ಪ್‌ಗೆ ಎಕ್ಸ್‌ಟೆನ್ಶನ್ ಬರೆಯುವುದಿದ್ದರೂ ಜಾವಾದಲ್ಲೇ ಬರೆಯಿರಿ: ಅದರ ಪೈಥಾನ್ ದಾರಿ ಜೈಥಾನ್ (ಜಾವಾ ಮೇಲೆ ಓಡುವ ಪೈಥಾನ್) ಮೇಲೆ ನಿಂತಿದೆ, ಜೈಥಾನ್ 2.7ರಲ್ಲೇ ಇದೆ, ನೀವು ಕಲಿತ ಎಫ್-ಸ್ಟ್ರಿಂಗ್ ಕೂಡ ಅಲ್ಲಿ ನಡೆಯದು.

ಕಂಪನಿಗಳ ಒಳಗಿನ ವಿಂಡೋಸ್ ನೆಟ್‌ವರ್ಕ್ ಕಡೆ ಹೋಗುವುದಿದ್ದರೆ ಪವರ್‌ಶೆಲ್ ಬೇಕೇ ಬೇಕು. ಗೋ ಕಲಿಯುವುದು ಒಂದೇ ಫೈಲ್‌ನಲ್ಲಿ ಓಡುವ, ವೇಗದ ಟೂಲ್ ನೀವೇ ಮಾಡಬೇಕೆನಿಸಿದಾಗ. ರಸ್ಟ್ ಸದ್ಯಕ್ಕೆ ಬೇಡ. ಪರ್ಲ್, ಲುವಾ, ರೂಬಿ ಎದುರಾದಾಗ ಓದಿಕೊಂಡರಾಯಿತು.

ಇನ್ನು ಆ 40,000 ರೂಪಾಯಿಯ ಕೋರ್ಸ್. ಮೇಲೆ ಹೇಳಿದ ಅಭ್ಯಾಸದ ತಾಣಗಳೆಲ್ಲ ಉಚಿತ ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಂಡು ಸಂಸ್ಥೆಯವರನ್ನು ಕೇಳಿ: ವಾರಕ್ಕೆ ಎಷ್ಟು ಗಂಟೆ ಲ್ಯಾಬ್, ಅಲ್ಲಿ ವಿದ್ಯಾರ್ಥಿ ತಾನೇ ಕೋಡ್ ಬರೆಯುತ್ತಾನೆಯೇ ಅಥವಾ ಟೂಲ್‌ನ ಬಟನ್ ಒತ್ತುವುದಷ್ಟೇ? ಒಂದು ದೋಷ ಹುಡುಕಿದ ಮೇಲೆ ಅದನ್ನು ಕೋಡ್‌ನಲ್ಲಿ ಸರಿಪಡಿಸುವುದನ್ನೂ ಕಲಿಸುತ್ತೀರಾ? ಹಿಂದಿನ ಬ್ಯಾಚ್‌ನವರು ಬರೆದ ಒಂದು ವರದಿ ತೋರಿಸುತ್ತೀರಾ? ‘ವಾಟ್ಸ್‌ಆ್ಯಪ್ ಹ್ಯಾಕ್ ಕಲಿಸುತ್ತೇವೆ’ ಎಂಬ ಮಾತು ಬಂದರೆ ಅಲ್ಲೇ ಎದ್ದುಬನ್ನಿ. ಉತ್ತರಗಳು ಸರಿಯಿದ್ದರೂ ಈಗಲೇ ಸೇರಬೇಡಿ. ಬ್ಯಾಂಡಿಟ್‌ನ 20 ಹಂತ ಮತ್ತು ಪೋರ್ಟ್ ಸ್ಕ್ಯಾನರ್ ಮುಗಿಸಿ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ ಎಂಬ ಪಟ್ಟಿ ಹಿಡಿದುಕೊಂಡು ಹೋಗಿ ಕೇಳಿ. ಅಷ್ಟರಲ್ಲಿ ಲ್ಯಾಪ್‌ಟಾಪ್‌ನ ಹಿಂದಿನ ಮುಚ್ಚಳ ಬಿಚ್ಚಿಸಿ, ರ‍್ಯಾಮ್‌ಗೆ ಖಾಲಿ ಸ್ಲಾಟ್ ಇದೆಯೇ ಅಥವಾ ಬೋರ್ಡ್‌ಗೇ ಬೆಸುಗೆ ಹಾಕಿದ್ದಾರೆಯೇ ನೋಡಿಸಿ. ಸ್ಲಾಟ್ ಇದ್ದರೆ ಮೊದಲ ಖರ್ಚು ಅದಕ್ಕೆ.